ಸಾಕ್ಷ್ಯ ಕಾನೂನು ಓದೋದು ಹೇಗೆ? ಒಂದು ಸ್ಕೂಟರ್, ಒಂದು ಬಾಡಿಗೆ ಮನೆ ಇಟ್ಟುಕೊಂಡು ಕಲಿಯಿರಿ

"ಸರ್, ಎವಿಡೆನ್ಸ್ ಒಂದೇ ಬಾಕಿ. ಯಾವ ಯಾವ ಸೆಕ್ಷನ್ ಓದಿದ್ರೆ ಸಾಕು?" ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ವಕೀಲರಾಗಿ ಎನ್‌ರೋಲ್ ಆಗಿ ಆರು ತಿಂಗಳಾದ ಜೂನಿಯರ್‌ಗಳೂ ಕೇಳುತ್ತಾರೆ. ಆಗ ಪ್ರಶ್ನೆ ಸ್ವಲ್ಪ ಬದಲಾಗಿರುತ್ತದೆ: "ಎಲ್ಲ ಓದಿದ್ದೆ ಸರ್, ಆದರೆ ಕೋರ್ಟಲ್ಲಿ ಎದುರಿನವರು ಆಕ್ಷೇಪ ಎತ್ತಿದಾಗ ಬಾಯಿಗೆ ಏನೂ ಬರಲಿಲ್ಲ."

ಎರಡಕ್ಕೂ ಕಾರಣ ಒಂದೇ. ಈ ವಿಷಯವನ್ನು ಸೆಕ್ಷನ್ ಪಟ್ಟಿಯ ಹಾಗೆ ಓದುತ್ತೇವೆ. ನೀವು ಒಂದು ಕೇಸ್ ಫೈಲ್ ಮುಂದಿಟ್ಟುಕೊಂಡು, ಅದರ ಒಂದೊಂದು ಹಾಳೆಗೂ "ಇದನ್ನು ಜಡ್ಜ್ ಮುಂದೆ ಇಡಬಹುದಾ?" ಎಂದು ಕೇಳಿಕೊಳ್ಳುತ್ತಾ ಓದಿ. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಏನೇನು ಬೇಕು

ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಬೇರ್ ಆಕ್ಟ್ ಬೇಕು. ಬೇರ್ ಆಕ್ಟ್ ಎಂದರೆ ವ್ಯಾಖ್ಯಾನ ಏನೂ ಇಲ್ಲದ, ಕಾಯ್ದೆಯ ಮೂಲ ಪಠ್ಯ. ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಅಚ್ಚಾದದ್ದನ್ನೇ ಕೊಳ್ಳಿ, ಗೀಚಲು ಜಾಗ ಬೇಕಲ್ವಾ. ಜೊತೆಗೆ ಅದಕ್ಕೆ ಮುಂಚೆ ಇದ್ದ 1872ರ ಹಳೆಯ ಸಾಕ್ಷ್ಯ ಕಾಯ್ದೆಯ ಒಂದು ಪ್ರತಿ, ಒಂದು ಪೆನ್ಸಿಲ್, ಒಂದು ನೋಟ್‌ಬುಕ್. ವಿವರಣೆಗೆ ಒಂದೇ ಒಂದು ಪಠ್ಯಪುಸ್ತಕ ಸಾಕು. ಮೂರು ಗೈಡ್ ಕೊಂಡವರು ಮೂರನ್ನೂ ಅರ್ಧ ಓದುತ್ತಾರೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಹುಡುಕುವವರು ಮುದ್ರಣದ ವರ್ಷ ನೋಡಿಕೊಳ್ಳಿ. ಹಳೆಯ ಪುಸ್ತಕದ ವಿವರಣೆ ಈಗಲೂ ಬಹುಪಾಲು ನಡೆಯುತ್ತದೆ, ಸೆಕ್ಷನ್ ನಂಬರ್ ಮಾತ್ರ ನಡೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮುಗಿದುಹೋದ ಒಂದು ಕೇಸಿನ ಫೈಲ್ ಬೇಕು. ಪರಿಚಯದ ವಕೀಲರ ಆಫೀಸಿನಲ್ಲಿ ಕೇಳಿ, ಅಲ್ಲೇ ಕೂತು ಓದಿ. ಕಕ್ಷಿದಾರರ ಹೆಸರು, ವಿವರ ಹೊರಗೆ ಹೇಳಬೇಡಿ, ಫೋಟೊ ತೆಗೆಯಬೇಡಿ. ಫೈಲ್ ಸಿಗದಿದ್ದರೆ ಹೈಕೋರ್ಟಿನ ಒಂದು ಮೇಲ್ಮನವಿ ತೀರ್ಪು ತೆಗೆದುಕೊಳ್ಳಿ. ಸಾಕ್ಷಿಗಳು ಏನು ಹೇಳಿದರು ಅನ್ನುವುದು ಅದರಲ್ಲಿ ಸಾಕಷ್ಟು ವಿವರವಾಗಿ ಇರುತ್ತದೆ.

1. ಯಾವ ಕಾಯ್ದೆ ಅನ್ನೋದು ಮೊದಲು ಖಚಿತ ಮಾಡಿಕೊಳ್ಳಿ

ಹೊಸ ಕಾಯ್ದೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಹಳೆಯದರಲ್ಲಿ 167 ಸೆಕ್ಷನ್, ಹೊಸದರಲ್ಲಿ 170. ಆದರೆ ಆ ದಿನಕ್ಕೆ ಮುಂಚೆಯೇ ಬಾಕಿ ಇದ್ದ ವಿಚಾರಣೆ, ತನಿಖೆ, ಮೇಲ್ಮನವಿಗಳು ಹಳೆಯ ಕಾಯ್ದೆಯಂತೆಯೇ ಮುಂದುವರಿಯುತ್ತವೆ ಎಂದು 170ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಸಿಟಿ ಸಿವಿಲ್ ಕೋರ್ಟಿನಲ್ಲಿ ಇವತ್ತು ನಡೆಯುತ್ತಿರುವ 2019ರ ದಾವೆಗೆ ಹಳೆಯ ನಂಬರ್ ಬೇಕು, ಪರೀಕ್ಷೆಗೆ ಹೊಸದು ಬೇಕು. ತಪ್ಪಿಸಿಕೊಳ್ಳುವ ದಾರಿ ಇಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಹಾಕಿ. 27 ಇದ್ದದ್ದು 23ರ ಒಳಗೆ ಹೋಗಿದೆ. 32 ಈಗ 26. 65ಬಿ ಈಗ 63. 101 ಈಗ 104. 106 ಈಗ 109. 114 ಈಗ 119. 145 ಈಗ 148. ಪೂರ್ತಿ ಪಟ್ಟಿ ಒಂದೇ ದಿನ ಬರೆಯಲು ಹೋಗಬೇಡಿ, ಓದುತ್ತಾ ಓದುತ್ತಾ ತುಂಬಿಸಿ.

2. ಬಾಯಿಪಾಠ ಮಾಡೋದಾದ್ರೆ ಎರಡನೇ ಸೆಕ್ಷನ್ ಮಾಡಿ

ವ್ಯಾಖ್ಯೆಗಳ ಸೆಕ್ಷನ್ ಇದು. ಎಲ್ಲರೂ ಹಾರಿಸಿಕೊಂಡು ಹೋಗುವುದು ಇದನ್ನೇ.

"ಸಾಬೀತಾಗಿದೆ", "ಸುಳ್ಳೆಂದು ಸಾಬೀತಾಗಿದೆ", "ಸಾಬೀತಾಗಿಲ್ಲ" ಎಂಬ ಮೂರು ಸ್ಥಿತಿಗಳಿವೆ. ಕೊನೆಯ ಎರಡನ್ನು ಒಂದೇ ಅಂದುಕೊಳ್ಳಬೇಡಿ. ಸ್ಕೂಟರ್ ಕದ್ದವನು ಇವನೇ ಎಂದು ಪ್ರಾಸಿಕ್ಯೂಷನ್ ತೋರಿಸಲಾಗಲಿಲ್ಲ ಎಂದರೆ ಅದು "ಸಾಬೀತಾಗಿಲ್ಲ". ಆ ರಾತ್ರಿ ಅವನು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದ ಎಂದು ದಾಖಲೆ ತೋರಿಸಿದರೆ "ಸುಳ್ಳೆಂದು ಸಾಬೀತು". ಬಿಡುಗಡೆಗೆ "ಸಾಬೀತಾಗಿಲ್ಲ" ಎಂಬುದೇ ಸಾಕು.

ಇನ್ನೊಂದು ಸೂಕ್ಷ್ಮ. "ಸಾಬೀತು" ಎಂಬುದಕ್ಕೆ ಕಾಯ್ದೆ ಕೊಡುವುದು ಒಂದೇ ವ್ಯಾಖ್ಯೆ: ವಿವೇಕವುಳ್ಳ ಮನುಷ್ಯ ಇದು ನಿಜ ಎಂದುಕೊಂಡು ನಡೆದುಕೊಳ್ಳುವಷ್ಟು ಸಂಭವ ಇರಬೇಕು. ಸಿವಿಲ್‌ಗೆ ಬೇರೆ, ಕ್ರಿಮಿನಲ್‌ಗೆ ಬೇರೆ ಎಂದು ಅಲ್ಲಿ ಬರೆದಿಲ್ಲ. ಸಿವಿಲ್ ಕೇಸಿನಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ನೋಡುವುದು, ಕ್ರಿಮಿನಲ್ ಕೇಸಿನಲ್ಲಿ ಸಕಾರಣವಾದ ಅನುಮಾನ ಉಳಿಯಬಾರದು ಎನ್ನುವುದು, ಎರಡೂ ಕೋರ್ಟುಗಳ ತೀರ್ಪುಗಳಲ್ಲಿ ಬೆಳೆದುಬಂದ ಅಳತೆ. ಪರೀಕ್ಷೆಯಲ್ಲಿ "ಸೆಕ್ಷನ್ 2 ಹೀಗೆ ಹೇಳುತ್ತದೆ" ಎಂದು ಬರೆದುಬಿಡುವವರು ಜಾಸ್ತಿ.

ಕನ್ನಡದಲ್ಲಿ ಉತ್ತರ ಬರೆಯುವವರು ಗಮನಿಸಿ: ಸಾಕ್ಷಿ ಅಂದರೆ ಕಟಕಟೆಯಲ್ಲಿ ನಿಲ್ಲುವ ಮನುಷ್ಯ. ಸಾಕ್ಷ್ಯ ಅಂದರೆ ಆ ಮನುಷ್ಯ ಹೇಳುವ ಮಾತು, ತೋರಿಸುವ ದಾಖಲೆ. ಒಂದು ಯ-ಒತ್ತು ಬಿಟ್ಟರೆ ಇಡೀ ವಾಕ್ಯದ ಅರ್ಥ ಕೆಡುತ್ತದೆ.

3. ಮೂರು ಬಾಗಿಲು

ಈಗ ಎರಡು ಕಲ್ಪಿತ ಕೇಸು ಇಟ್ಟುಕೊಳ್ಳೋಣ.

ಒಂದು: ಜಯನಗರದ ಮನೆಯ ಮುಂದೆ ನಿಲ್ಲಿಸಿದ್ದ ಸ್ಕೂಟರ್ ರಾತ್ರಿ ಕಳವಾಗಿದೆ. ಪಕ್ಕದ ಅಂಗಡಿಯಲ್ಲಿ ಸಿಸಿ ಕ್ಯಾಮೆರಾ ಇದೆ. ಮೂರನೇ ದಿನ ಪೊಲೀಸರು ಒಬ್ಬನನ್ನು ಹಿಡಿದಿದ್ದಾರೆ.

ಎರಡು: ಬಾಡಿಗೆದಾರ ಮನೆ ಖಾಲಿ ಮಾಡಿದ್ದಾನೆ, ಮಾಲೀಕರು ಒಂದೂವರೆ ಲಕ್ಷ ಅಡ್ವಾನ್ಸ್ ವಾಪಸ್ ಕೊಟ್ಟಿಲ್ಲ. ಅವನು ದಾವೆ ಹಾಕಿದ್ದಾನೆ. ಬೆಂಗಳೂರಿನವರಿಗೆ ಈ ಕಥೆ ವಿವರಿಸಬೇಕಾಗಿಲ್ಲ.

ಯಾವ ಸಾಕ್ಷ್ಯ ಬಂದರೂ ಮೂರು ಬಾಗಿಲು ದಾಟಬೇಕು, ಇದೇ ಕ್ರಮದಲ್ಲಿ. ವಿವಾದದ ಸಂಗತಿಗೆ ಇದಕ್ಕೆ ಸಂಬಂಧ ಇದೆಯೇ? ಸಂಬಂಧ ಇದ್ದರೂ ಕಾನೂನು ಒಳಗೆ ಬಿಡುತ್ತದೆಯೇ? ಒಳಗೆ ಬಂದರೂ ನಂಬಬಹುದೇ, ಎಷ್ಟು ತೂಕ? ಪುಸ್ತಕದ ಮಾತಿನಲ್ಲಿ ಇವು ಸುಸಂಗತತೆ, ಗ್ರಾಹ್ಯತೆ, ಸಾಕ್ಷ್ಯಮೌಲ್ಯ.

ಆರೋಪಿ ಠಾಣೆಯಲ್ಲಿ "ನಾನೇ ಕದ್ದೆ" ಅಂದ. ಮೊದಲ ಬಾಗಿಲು ದಾಟಿತು, ಇದಕ್ಕಿಂತ ಸಂಬಂಧ ಇರುವ ಮಾತು ಬೇರೆ ಇಲ್ಲ. ಎರಡನೇ ಬಾಗಿಲಲ್ಲಿ 23ನೇ ಸೆಕ್ಷನ್ ತಡೆಯಿತು. ಅವನು ನಿಜ ಹೇಳಿದನೋ ಸುಳ್ಳು ಹೇಳಿದನೋ ಅನ್ನುವ ಮೂರನೇ ಪ್ರಶ್ನೆ ಏಳುವುದೇ ಇಲ್ಲ. "ಅವನು ಒಪ್ಪಿಕೊಂಡಿದ್ದಾನಲ್ಲ ಸರ್" ಎಂದು ವಾದಿಸುವ ವಿದ್ಯಾರ್ಥಿ ಎರಡನೇ ಬಾಗಿಲು ಮುಚ್ಚಿರುವಾಗ ಮೂರನೆಯದನ್ನು ಬಡಿಯುತ್ತಿದ್ದಾನೆ.

ಕೇಳಿಕೆ ಮಾತಿನ ವಿಷಯದಲ್ಲಿ ನಮ್ಮ ಭಾಷೆಯೇ ಒಂದು ಅನುಕೂಲ ಮಾಡಿಕೊಟ್ಟಿದೆ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡವನೇ ಕಂಡದ್ದನ್ನು ಹೇಳಬೇಕು ಎನ್ನುತ್ತದೆ 55ನೇ ಸೆಕ್ಷನ್. "ಅವನು ಗಾಡಿ ತಳ್ಳಿಕೊಂಡು ಹೋದ" ಅಂದರೆ ಕಂಡ ಮಾತು. "ತಳ್ಳಿಕೊಂಡು ಹೋದನಂತೆ" ಅಂದರೆ ಕೇಳಿದ ಮಾತು. ಸಾಕ್ಷಿಯ ಹೇಳಿಕೆಯಲ್ಲಿ "ಅಂತೆ" ಕಂಡಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ. ಆಮೇಲೆ ಅದು ಯಾವುದಾದರೂ ವಿನಾಯಿತಿಯಲ್ಲಿ ಒಳಗೆ ಬರುತ್ತದಾ ನೋಡಿ. ಘಟನೆ ನಡೆಯುತ್ತಿದ್ದಾಗಲೇ ಯಾರೋ "ಕಳ್ಳ, ಕಳ್ಳ!" ಎಂದು ಕೂಗಿದ್ದು 4ನೇ ಸೆಕ್ಷನ್‌ನಲ್ಲಿ ಬರಬಹುದು. ಸಾಯುವವರು ತಮ್ಮ ಸಾವಿನ ಕಾರಣದ ಬಗ್ಗೆ ಹೇಳಿದ ಮಾತು 26ರಲ್ಲಿ ಬರುತ್ತದೆ.

"ಅಡ್ವಾನ್ಸ್ ಮುಂದಿನ ತಿಂಗಳು ಕೊಡ್ತೀನಿ ಅಂದ್ರು" ಎಂದು ಬಾಡಿಗೆದಾರ ಮಾಲೀಕರ ಬಗ್ಗೆ ಹೇಳಿದರೆ? ಅದು ಎದುರು ಪಕ್ಷದವರೇ ಆಡಿದ ಮಾತು. 15ರಿಂದ ಶುರುವಾಗುವ ಸ್ವೀಕೃತಿ ಸೆಕ್ಷನ್‌ಗಳಲ್ಲಿ ಬರುತ್ತದೆ. ಸ್ವೀಕೃತಿ ಎಂದರೆ ತನಗೆ ವಿರುದ್ಧವಾಗಿ ಬಳಸಬಹುದಾದ ಸಂಗತಿಯನ್ನು ಒಬ್ಬರು ತಾವೇ ಒಪ್ಪಿಕೊಳ್ಳುವುದು. ತಪ್ಪೊಪ್ಪಿಗೆ ಅದರೊಳಗಿನ ಒಂದು ಜಾತಿ, ಅಪರಾಧವನ್ನೇ ಒಪ್ಪಿಕೊಳ್ಳುವಂಥದ್ದು. ಎರಡನ್ನೂ ಬೇರೆ ಇಡಿ.

4. 3ರಿಂದ 50ರವರೆಗೆ ಒಮ್ಮೆ ಸುಮ್ನೆ ಓದಿಕೊಂಡು ಹೋಗಿ

ಸುಸಂಗತತೆಯ ಅಧ್ಯಾಯ ಇದು. ಇಲ್ಲಿ ಸೆಕ್ಷನ್‌ಗಿಂತ ಅದರ ಕೆಳಗಿನ ದೃಷ್ಟಾಂತಗಳನ್ನು ಓದಿ. ಹಳೆಯ ಕಾಯ್ದೆಯನ್ನು ಬರೆದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಕಾಲದ ಉದಾಹರಣೆಗಳೇ ಬಹುಮಟ್ಟಿಗೆ ಈಗಲೂ ಇವೆ. ಒಂದು ಓದಿಗೆ ಎಲ್ಲ ಅರ್ಥವಾಗದಿದ್ದರೆ ಗಾಬರಿ ಬೇಡ. ಮುಂದಿನ ಹಂತಗಳಿಂದ ಮತ್ತೆ ಇಲ್ಲಿಗೇ ಬರುತ್ತೀರಿ.

5. ಸ್ವ-ಇಚ್ಛಾ ಹೇಳಿಕೆಯ ಮೇಲೆ ಪೆನ್ಸಿಲ್ ಎಳೆಯಿರಿ

ಕ್ರಿಮಿನಲ್ ಭಾಗದಲ್ಲಿ ಇದೊಂದು ಅಭ್ಯಾಸ ಮಾಡಿದರೆ ಅರ್ಧ ವಿಷಯ ಕೈಗೆ ಬರುತ್ತದೆ. ಚಾರ್ಜ್‌ಶೀಟಿನಲ್ಲಿ ಆರೋಪಿಯ "ಸ್ವ-ಇಚ್ಛಾ ಹೇಳಿಕೆ" ಎಂಬ ಹಾಳೆಗಳಿರುತ್ತವೆ. ನಮ್ಮ ಸ್ಕೂಟರ್ ಕೇಸಿನಲ್ಲಿ ಹೀಗಿದೆ ಅಂದುಕೊಳ್ಳಿ:

"ನಾನು ಜಯನಗರದಲ್ಲಿ ಸ್ಕೂಟರ್ ಕದ್ದೆ. ನಂಬರ್ ಪ್ಲೇಟ್ ಬಿಚ್ಚಿದೆ. ಕದ್ದ ಸ್ಕೂಟರನ್ನು ಕೆಂಗೇರಿಯ ಹಳೇ ಗ್ಯಾರೇಜಿನ ಹಿಂದೆ ಟಾರ್ಪಾಲ್ ಮುಚ್ಚಿ ನಿಲ್ಲಿಸಿದ್ದೇನೆ. ನನ್ನ ಜೊತೆ ಬಂದರೆ ಜಾಗ ತೋರಿಸುತ್ತೇನೆ."

ಪೊಲೀಸರು ಹೋದರು, ಸ್ಕೂಟರ್ ಸಿಕ್ಕಿತು, ಪಂಚರ ಮುಂದೆ ಮಹಜರು ಆಯಿತು. ಮಹಜರು ಅಂದರೆ ಸ್ಥಳದಲ್ಲಿ ಕಂಡದ್ದು, ವಶಪಡಿಸಿಕೊಂಡದ್ದನ್ನು ಸಾಕ್ಷಿಗಳ ಎದುರು ಬರೆದ ದಾಖಲೆ. ಈಗ ಏನು ಒಳಗೆ ಬರುತ್ತದೆ?

ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆಯನ್ನು 23(1) ತಡೆಯುತ್ತದೆ. ಪೊಲೀಸ್ ವಶದಲ್ಲಿದ್ದಾಗ ಮ್ಯಾಜಿಸ್ಟ್ರೇಟರ ಎದುರಲ್ಲದೆ ಯಾರಿಗೆ ಹೇಳಿದ್ದರೂ 23(2) ತಡೆಯುತ್ತದೆ. ಅದರ ಪರಂತುಕ ಮಾತ್ರ, ಅಂದರೆ "ಆದರೆ" ಎಂದು ಶುರುವಾಗುವ ವಿನಾಯಿತಿ, ಸಂಗತಿಯೊಂದರ ಪತ್ತೆಗೆ ಸ್ಪಷ್ಟವಾಗಿ ಸಂಬಂಧಿಸಿದಷ್ಟು ಭಾಗವನ್ನು ಒಳಗೆ ಬಿಡುತ್ತದೆ.

ಮೊದಲ ಎರಡು ವಾಕ್ಯ ಹೊಡೆದು ಹಾಕಿ. ಕೊನೆಯ ಎರಡು ಉಳಿಸಿಕೊಳ್ಳಿ. ಮುಗೀತಾ? ಇಲ್ಲ. ಮೂರನೇ ವಾಕ್ಯದ ಮೊದಲ ಪದ ನೋಡಿ: "ಕದ್ದ". ಇಡೀ ತಪ್ಪೊಪ್ಪಿಗೆ ಆ ಒಂದು ಪದದೊಳಗೆ ಅಡಗಿ ಕೂತಿದೆ. ಅದನ್ನೂ ಹೊಡೆಯಬೇಕು. ಉಳಿಯುವುದು "ಸ್ಕೂಟರನ್ನು ಗ್ಯಾರೇಜಿನ ಹಿಂದೆ ನಿಲ್ಲಿಸಿದ್ದೇನೆ, ತೋರಿಸುತ್ತೇನೆ" ಎಂಬಷ್ಟು. ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್‌ನ ಪುಲುಕುರಿ ಕೊಟ್ಟಯ್ಯ ತೀರ್ಪು (1947) ಹೇಳಿದ್ದು ಇದನ್ನೇ. ಪತ್ತೆಯಾದ ಸಂಗತಿ ಎಂದರೆ ಬರೀ ವಸ್ತುವಲ್ಲ. ಅದು ಇದ್ದ ಜಾಗ ಮತ್ತು ಅಲ್ಲಿದೆ ಎಂಬ ಆರೋಪಿಯ ಅರಿವು. ಆ ವಸ್ತುವಿನಿಂದ ಹಿಂದೆ ಏನು ಮಾಡಿದ ಎನ್ನುವುದು ಪತ್ತೆಗೆ ಸಂಬಂಧಿಸಿದ್ದಲ್ಲ.

ಇಲ್ಲಿ ಎಡವುವ ಜಾಗ ಎರಡು. ಜಾಗ ಪೊಲೀಸರಿಗೆ ಮೊದಲೇ ಗೊತ್ತಿದ್ದರೆ ಪತ್ತೆ ಎನ್ನುವುದೇ ಇಲ್ಲ, ಪರಂತುಕವೂ ಇಲ್ಲ. ಇನ್ನು, ಸ್ಕೂಟರ್ ಎಲ್ಲರೂ ಓಡಾಡುವ ಬಯಲಿನಲ್ಲಿ ನಿಂತಿದ್ದರೆ ಹೇಳಿಕೆ ಒಳಗೆ ಬರಬಹುದು, ಆದರೆ ತೂಕ ಇಳಿಯುತ್ತದೆ. ಅದು ಮೂರನೇ ಬಾಗಿಲಿನ ಮಾತು.

ಕಳವಾದ ಸ್ವಲ್ಪ ದಿನದಲ್ಲೇ ಮಾಲು ಒಬ್ಬನ ಸ್ವಾಧೀನದಲ್ಲಿ ಸಿಕ್ಕಿ, ಅವನು ಸರಿಯಾದ ವಿವರಣೆ ಕೊಡದಿದ್ದರೆ, ಅವನೇ ಕಳ್ಳ ಅಥವಾ ಕಳ್ಳಮಾಲು ಎಂದು ತಿಳಿದೇ ತೆಗೆದುಕೊಂಡವನು ಎಂದು ಕೋರ್ಟ್ ಊಹಿಸಬಹುದು. ಇದು 119ರ ಮೊದಲ ದೃಷ್ಟಾಂತ. "ಊಹಿಸಬಹುದು" ಎಂದಿದೆ, "ಊಹಿಸಲೇಬೇಕು" ಎಂದಿಲ್ಲ. ಈ ವ್ಯತ್ಯಾಸವೂ ಎರಡನೇ ಸೆಕ್ಷನ್‌ನಲ್ಲೇ ಇದೆ.

ಕಂಡವರು ಯಾರೂ ಇಲ್ಲದೆ ಬರೀ ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಕೇಸಾದರೆ 1984ರ ಶರದ್ ಬಿರ್ದಿಚಂದ್ ಸಾರ್ಡಾ ತೀರ್ಪಿನ ಐದು ತತ್ವ ಓದಿ. ನಾರ್ಕೋ ಪರೀಕ್ಷೆ ಬಗ್ಗೆ ಕೇಳಿದರೆ 2010ರ ಸೆಲ್ವಿ ತೀರ್ಪು. ಒಪ್ಪಿಗೆ ಇಲ್ಲದೆ ಅಂಥ ಪರೀಕ್ಷೆ ಮಾಡುವಂತಿಲ್ಲ ಎಂದ ಆ ಕೇಸಿನಲ್ಲಿ ಎದುರು ಪಕ್ಷ ನಮ್ಮ ಕರ್ನಾಟಕ ರಾಜ್ಯವೇ.

6. ಸಿವಿಲ್‌ಗೆ ಬಂದಾಗ ಕಾಗದದ ಕಡೆ ನೋಡಿ

ಬಾಡಿಗೆ ಕರಾರು ಪತ್ರ ಕೈಗೆ ತೆಗೆದುಕೊಳ್ಳಿ. ಓದುವ ಮೊದಲು ಅದರ ಸ್ಟಾಂಪ್ ನೋಡಿ. ಸರಿಯಾದ ಮುದ್ರಾಂಕ ಶುಲ್ಕ ಇಲ್ಲದ ಪತ್ರವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಇದು ಸಾಕ್ಷ್ಯ ಕಾಯ್ದೆಯಲ್ಲಿ ಇಲ್ಲ, 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿದೆ. ಕೊರತೆ ಶುಲ್ಕ, ದಂಡ ಕಟ್ಟಿದರೆ ಸಾಮಾನ್ಯವಾಗಿ ದಾರಿ ತೆರೆಯುತ್ತದೆ. ಕಾಲೇಜಿನಲ್ಲಿ ಹೇಳದೇ ಬಿಡುವ, ಕೋರ್ಟಿನಲ್ಲಿ ಮೊದಲು ಎದುರಾಗುವ ಆಕ್ಷೇಪ ಇದು.

ಆಮೇಲೆ ಕೇಳಿ, ಇದು ಮೂಲ ಪ್ರತಿಯೋ ಜೆರಾಕ್ಸೋ? ಮೂಲ ಪತ್ರ ಪ್ರಾಥಮಿಕ ಸಾಕ್ಷ್ಯ, ಸೆಕ್ಷನ್ 57. ನಕಲು ದ್ವಿತೀಯಕ, 58. ನಕಲು ತರಬೇಕಾದರೆ ಮೂಲ ಯಾಕಿಲ್ಲ ಎಂದು 60ರಲ್ಲಿ ಹೇಳಿರುವ ಕಾರಣಗಳಲ್ಲಿ ಒಂದನ್ನು ಮೊದಲು ತೋರಿಸಬೇಕು. ಮೂಲ ಮಾಲೀಕರ ಹತ್ತಿರವೇ ಇದೆ, ನೋಟಿಸ್ ಕೊಟ್ಟರೂ ಹಾಜರುಪಡಿಸಲಿಲ್ಲ ಅನ್ನುವುದು ಅಂಥದ್ದೊಂದು.

ಈಗ ಸ್ವಾರಸ್ಯದ ಭಾಗ. "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲಾಗುವುದು" ಎಂದು ಕರಾರಿನಲ್ಲಿದೆ. ಬಾಡಿಗೆದಾರ ಹೇಳುತ್ತಾನೆ, "ಸಹಿ ಹಾಕುವಾಗಲೇ ಮಾಲೀಕರು ಅದೆಲ್ಲ ಹಿಡಿಯಲ್ಲ ಬಿಡಿ ಅಂದಿದ್ದರು." 95ನೇ ಸೆಕ್ಷನ್ ಈ ಮಾತನ್ನು ಒಳಗೆ ಬಿಡುವುದಿಲ್ಲ. ಬರೆದು ಸಹಿ ಹಾಕಿದ ಷರತ್ತನ್ನು ಅದೇ ಹೊತ್ತಿನ ಬಾಯಿಮಾತಿನಿಂದ ಅಳಿಸಲಾಗುವುದಿಲ್ಲ. ಆದರೆ ಎಂಟು ತಿಂಗಳಾದ ಮೇಲೆ "ನೀವೇ ಪೇಂಟ್ ಹೊಡೆಸಿಕೊಂಡಿದ್ದೀರಲ್ಲ, ನಾನು ಹಿಡಿಯಲ್ಲ" ಅಂದಿದ್ದರೆ? ಅದು ಆಮೇಲೆ ಆದ ಬೇರೆ ಒಪ್ಪಂದ. ಬರವಣಿಗೆಯಲ್ಲೇ ಇರಬೇಕು, ನೋಂದಣಿ ಆಗಲೇಬೇಕು ಎಂಬ ಕಾನೂನಿಲ್ಲದ, ನೋಂದಣಿಯೂ ಆಗಿರದ ಕರಾರಾದರೆ, ಪರಂತುಕದ ಪ್ರಕಾರ ಅದನ್ನು ಸಾಬೀತು ಮಾಡಬಹುದು. ಮಾತು ಒಂದೇ, ಆಡಿದ ದಿನ ಬೇರೆ.

ಕೊನೆಗೆ, ಹೊಣೆ ಯಾರದ್ದು ಅನ್ನುವುದು. ಅಡ್ವಾನ್ಸ್ ಕೊಟ್ಟೆ ಎನ್ನುವವನು ಕೊಟ್ಟದ್ದನ್ನು ಸಾಬೀತು ಮಾಡಬೇಕು, 104. ಮಾಲೀಕರು "ತೆಗೆದುಕೊಂಡಿದ್ದು ನಿಜ, ವಾಪಸ್ ಕೊಟ್ಟಾಯಿತು" ಅಂದರೆ ತೆಗೆದುಕೊಂಡದ್ದಕ್ಕೆ ಬೇರೆ ಸಾಬೀತು ಬೇಡ, 53. ವಾಪಸ್ ಕೊಟ್ಟದ್ದನ್ನು ಈಗ ಅವರೇ ತೋರಿಸಬೇಕು. ಕ್ರಿಮಿನಲ್ ಕೇಸಿಗೆ ಈ ಆಟ ಹೀಗೇ ಒಗ್ಗುವುದಿಲ್ಲ. ಒಬ್ಬರಿಗೆ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವರೇ ಸಾಬೀತು ಮಾಡಬೇಕು ಎನ್ನುವ 109ನೇ ಸೆಕ್ಷನ್ (ಹಳೆಯ 106) ಹಿಡಿದು "ಆರೋಪಿಯೇ ಹೇಳಲಿ" ಎಂದು ಪ್ರಾಸಿಕ್ಯೂಷನ್ ಕೈ ತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1956ರಲ್ಲೇ ಶಂಭುನಾಥ್ ಮೆಹ್ರಾ ಕೇಸಿನಲ್ಲಿ ಹೇಳಿದೆ.

7. ವಾಟ್ಸಾಪ್, ಸಿಸಿ ಕ್ಯಾಮೆರಾ, ಪೆನ್ ಡ್ರೈವ್

ಈಗಿನ ಕೇಸುಗಳಲ್ಲಿ ಇದಿಲ್ಲದ ಫೈಲ್ ಕಡಿಮೆ. ವಿದ್ಯುನ್ಮಾನ ದಾಖಲೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎನ್ನುತ್ತದೆ 61. ಅಷ್ಟು ಓದಿ ನಿಲ್ಲಿಸಬೇಡಿ, 63ಕ್ಕೆ ಬನ್ನಿ. ಪ್ರಿಂಟ್ ಔಟ್, ಪೆನ್ ಡ್ರೈವ್‌ಗೆ ಹಾಕಿದ ನಕಲು ಇವಕ್ಕೆ 63(4)ರ ಪ್ರಮಾಣಪತ್ರ ಬೇಕು. ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಎ ಭಾಗ ದಾಖಲೆ ಹಾಜರುಪಡಿಸುವವರು ತುಂಬುವುದು, ಬಿ ಭಾಗ ತಜ್ಞರು ತುಂಬುವುದು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಳಗೆ ಒಂದು ಚುಕ್ಕೆ ಬದಲಾದರೂ ಆ ಅಂಕಿ ಬೇರೆಯಾಗುತ್ತದೆ.

ಹಳೆಯ 65ಬಿ ಮೇಲಿನ ಎರಡು ತೀರ್ಪು ಓದಲೇಬೇಕು: 2014ರ ಅನ್ವರ್, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್. ಎರಡೂ ಚುನಾವಣಾ ತಕರಾರುಗಳಿಂದ ಬಂದವು. ನಕಲಿಗೆ ಪ್ರಮಾಣಪತ್ರ ಕಡ್ಡಾಯ, ಆದರೆ ಫೋನಿನ ಒಡೆಯನೇ ಕಟಕಟೆಗೆ ಬಂದು ಮೂಲ ಫೋನನ್ನೇ ಹಾಜರುಪಡಿಸಿದರೆ ಬೇಡ ಎಂದು ಎರಡನೆಯದು ಸ್ಪಷ್ಟಪಡಿಸಿತು. ಅಡ್ವಾನ್ಸ್ ಕೇಸಿನವರು ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿಕೊಂಡು ಹಳೆಯ ಫೋನ್ ಮಾರಿಬಿಡುತ್ತಾರೆ. ಅದೇ ತಪ್ಪು. ನಾನೂ ಜೂನಿಯರ್ ಆಗಿದ್ದಾಗ ಪ್ರಮಾಣಪತ್ರ ಇಲ್ಲದ ಸಿಡಿ ಹಿಡಿದು ನಿಂತು, ತಲೆ ತಗ್ಗಿಸಿ ವಾಪಸ್ ಬಂದವನೇ.

8. ಕೋರ್ಟ್ ಹಾಲಿನಲ್ಲಿ ಕೂತು ಕೇಳಿ

ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರದ ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣಕ್ಕೋ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೋ ಹೋಗಿ. ಕಾಲೇಜಿನ ಗುರುತಿನ ಚೀಟಿ ಇಟ್ಟುಕೊಳ್ಳಿ, ಫೋನ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂರಿ. ಸಾಕ್ಷಿಗಳ ಜೊತೆ ಕಾರಿಡಾರಿನಲ್ಲಿ ಕೇಸಿನ ಮಾತು ಬೇಡವೇ ಬೇಡ. ಅತ್ಯಾಚಾರ, ಪೋಕ್ಸೊ ಕೇಸುಗಳು ಮುಚ್ಚಿದ ಬಾಗಿಲಲ್ಲಿ ನಡೆಯುತ್ತವೆ. ಹೊರಗೆ ಹೋಗಿ ಅಂದರೆ ಸುಮ್ಮನೆ ಎದ್ದು ಬನ್ನಿ.

ಸಿವಿಲ್ ಹಾಲಿನಲ್ಲಿ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿಯನ್ನು ಕರೆತಂದ ಪಕ್ಷದವರೇ ಮೊದಲು ಕೇಳುವ ಪ್ರಶ್ನೆಗಳು, ಕೇಳಿಸದೇ ಹೋದರೆ ಆಶ್ಚರ್ಯ ಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18, ನಿಯಮ 4ರಂತೆ ಅದು ಅಫಿಡವಿಟ್ ರೂಪದಲ್ಲೇ, ಅಂದರೆ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯಾಗಿ, ಸಲ್ಲಿಕೆಯಾಗುತ್ತದೆ. ನೀವು ಕೇಳುವುದು ಪಾಟೀ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೆಗಳು. ಸೆಷನ್ಸ್ ಕೇಸಿನಲ್ಲಿ ಎರಡೂ ಕಿವಿಗೆ ಬೀಳುತ್ತವೆ.

ಕನ್ನಡದಲ್ಲಿ ದಾಖಲಾದ ಹೇಳಿಕೆ ಸಿಕ್ಕರೆ ವಾಕ್ಯಗಳ ಕೊನೆ ನೋಡಿ. ಮುಖ್ಯ ವಿಚಾರಣೆಯಲ್ಲಿ "ನಾನು ಅಂಗಡಿ ಮುಚ್ಚುತ್ತಿದ್ದೆ, ಆಗ ಸದ್ದು ಕೇಳಿತು" ಎಂದು ಕಥೆ ಹರಿಯುತ್ತದೆ. ಪಾಟೀ ಸವಾಲಿನಲ್ಲಿ "ಬೀದಿದೀಪ ಇರಲಿಲ್ಲ ಎಂದರೆ ಸರಿ", "ನಾನು ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಎಂದು ಬರುತ್ತದೆ. ಆ "ಎಂದರೆ ಸರಿ" ಇದೆಯಲ್ಲ, ಅದೇ ಸೂಚಕ ಪ್ರಶ್ನೆಯ ಗುರುತು. ಉತ್ತರವನ್ನು ಒಳಗಿಟ್ಟುಕೊಂಡೇ ಬಂದ ಪ್ರಶ್ನೆ ಅದು. 146ರ ಪ್ರಕಾರ ಪಾಟೀ ಸವಾಲಿನಲ್ಲಿ ಕೇಳಬಹುದು. ಮುಖ್ಯ ವಿಚಾರಣೆಯಲ್ಲಿ ಎದುರಿನವರು ಆಕ್ಷೇಪಿಸಿದರೆ ಕೋರ್ಟಿನ ಅನುಮತಿ ಬೇಕು. "ಸರಿಯಲ್ಲ" ಎಂದು ಸಾಕ್ಷಿ ನಿರಾಕರಿಸಿದ ಸಲಹೆ, ಅಂದರೆ ವಕೀಲರು ಮುಂದಿಟ್ಟ ಮಾತು, ಎಷ್ಟು ಪುಟ ಇದ್ದರೂ ಅದರಿಂದ ಏನೂ ಸಾಬೀತಾಗುವುದಿಲ್ಲ. ಜೂನಿಯರ್‌ಗಳು ಇಂಥವನ್ನೇ ವಾದದಲ್ಲಿ ಓದಿ ಹೇಳುತ್ತಾರೆ.

ಕ್ರಿಮಿನಲ್ ಕೇಸಿನ ಹಾಳೆಯಲ್ಲಿ "ನಿ.ಪಿ.1" (ನಿಶಾನೆ ಪಿ.1) ಎಂದು ಕಂಡರೆ ಅದು ಪ್ರಾಸಿಕ್ಯೂಷನ್ ಗುರುತು ಮಾಡಿಸಿದ ದಾಖಲೆ. ಗುರುತಾದ ಮಾತ್ರಕ್ಕೆ ಅದರೊಳಗಿನ ಸಂಗತಿ ಸಾಬೀತಾದ ಹಾಗಲ್ಲ. "ನಿ.ಡಿ.1" ಎಂದಿದ್ದರೆ ಬಹಳ ಸಲ ಅದು ಸಾಕ್ಷಿ ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ಇರುವ ವಿರೋಧದ ಭಾಗ. ಪೊಲೀಸರು ಬರೆದುಕೊಂಡ ಹೇಳಿಕೆ ತಾನೇ ಸಾಕ್ಷ್ಯ ಅಲ್ಲ. ಸಾಕ್ಷಿಗೆ ಆ ಸಾಲನ್ನು ತೋರಿಸಿ, 148ರಂತೆ ಗಮನ ಸೆಳೆದ ಮೇಲೆ ವಿರೋಧ ತೋರಿಸಲು ಮಾತ್ರ ಬಳಸಬಹುದು. ಬಳಿಕ ತನಿಖಾಧಿಕಾರಿ ಬಂದಾಗ "ಹೌದು, ನನ್ನ ಮುಂದೆ ಹಾಗೇ ಹೇಳಿದ್ದರು" ಎಂದು ಅವರ ಬಾಯಿಂದಲೂ ಬರಬೇಕು. ಈ ಎರಡನೇ ಅರ್ಧವನ್ನು ಮರೆತು ಒಳ್ಳೆಯ ಪಾಟೀ ಸವಾಲು ವ್ಯರ್ಥವಾದದ್ದನ್ನು ಹಿಂದಿನ ಬೆಂಚಿನಿಂದ ನೀವೇ ನೋಡುತ್ತೀರಿ.

ಮಹಜರಿನ ಪಂಚರು "ಠಾಣೆಯಲ್ಲಿ ಸಹಿ ಮಾಡಿಸಿಕೊಂಡರು, ನಾನು ಸ್ಥಳಕ್ಕೆ ಹೋಗಿಲ್ಲ" ಅಂದ ಕೂಡಲೇ ಸರ್ಕಾರಿ ಅಭಿಯೋಜಕರು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಕೋರುತ್ತಾರೆ. 157ರ ಅನುಮತಿ ಸಿಕ್ಕರೆ ತಮ್ಮದೇ ಸಾಕ್ಷಿಗೆ ತಾವೇ ಪಾಟೀ ಸವಾಲು ಹಾಕುತ್ತಾರೆ. ಹಾಗೆಂದು ಆ ಸಾಕ್ಷಿ ಹೇಳಿದ್ದೆಲ್ಲ ಕಸದ ಬುಟ್ಟಿಗೆ ಹೋಗುವುದಿಲ್ಲ, ನಂಬಬಹುದಾದ ಭಾಗ ಉಳಿಯುತ್ತದೆ.

ಆ ಸಂಜೆ ಮನೆಗೆ ಬಂದ ಮೇಲೆ ಒಂದು ಪುಟ ಬರೆಯಿರಿ. ಎಡಗಡೆ ಇವತ್ತು ಕೇಳಿದ ಆಕ್ಷೇಪ, ಬಲಗಡೆ ಅದರ ಸೆಕ್ಷನ್, ಕೆಳಗೆ ಅದು ಯಾವ ಬಾಗಿಲಿನದ್ದು ಎಂದು ಒಂದು ಪದ. ಸೆಕ್ಷನ್ ಹೊಳೆಯದಿದ್ದರೆ ಬಲಗಡೆ ಖಾಲಿ ಬಿಡಿ. ಮಾರನೇ ದಿನ ಬೇರ್ ಆಕ್ಟ್ ತೆರೆದು ಮೊದಲು ಓದಬೇಕಾದದ್ದು ಆ ಖಾಲಿ ಜಾಗಗಳನ್ನು.